ಮಂದ್ರಕ್ಕೊಂದು ಮನೆ

ತಾರಸ್ಥಾಯಿಯ ಸ್ವರ ಎಲ್ಲಿ ಬೇಕಾದರೂ ಬಾಳಿಕೊಳ್ಳುತ್ತದೆ. ಅಂಗೈಯಗಲದ ಯಂತ್ರದಲ್ಲಿಯೂ ಅದಕ್ಕೆ ಎಡೆ ಸಾಕು. ಮಂದ್ರದ ರೀತಿ ಬೇರೆ. ಅದು ಹಳೆಯ ಮನೆತನದ ಯಜಮಾನನಿದ್ದಂತೆ. ಅದಕ್ಕೆ ವಿಶಾಲವಾದ ಹಜಾರ ಬೇಕು, ಬೆನ್ನಿಗೆ ಗಟ್ಟಿಯಾದ ಗೋಡೆ ಬೇಕು. ಇಂತಹ ಅತಿಥಿಯನ್ನು ಇಕ್ಕಟ್ಟಾದ ಕಾರಿನೊಳಗೆ ಕರೆತಂದು ಕೂರಿಸಬೇಕೆಂದು ಹೊರಟವನು ಸಬ್‌ವೂಫರ್ ಒಂದನ್ನು ಕೊಂಡುಬಿಟ್ಟರೆ ಸಾಲದು. ಅದು ವಾಸಿಸುವ ಪೆಟ್ಟಿಗೆಯನ್ನೂ ಆರಿಸಬೇಕು. ಕೊಳ್ಳುವುದಕ್ಕೆ ಹಣ ಸಾಕು, ಆರಿಸುವುದಕ್ಕೆ ವಿವೇಕವೂ ಬೇಕು.

ಪೆಟ್ಟಿಗೆಯಾದರೂ ಏಕೆ ಎಂದು ಕೇಳುವವರುಂಟು. ಧ್ವನಿವರ್ಧಕದ ಕೋನು ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಮುಂದೆ ಹುಟ್ಟಿದ ಅಲೆ ಕೂಡುವ ಲೆಕ್ಕ, ಹಿಂದೆ ಹುಟ್ಟಿದ್ದು ಕಳೆಯುವ ಲೆಕ್ಕ. ಸೆಕೆಂಡಿಗೆ 40 ಬಾರಿ ಕಂಪಿಸುವ ಮಂದ್ರನಾದದ ಅಲೆ ಸುಮಾರು ಎಂಟೂವರೆ ಮೀಟರು ಉದ್ದ. ಅಷ್ಟು ನೀಳವಾದ ಅಲೆಗೆ 12 ಇಂಚಿನ ಕೋನನ್ನು ಬಳಸಿಕೊಂಡು ಬರುವುದು ಒಂದು ಶ್ರಮವೆ? ಹಿಂದಿನದು ಮುಂದಿನದನ್ನು ಸೇರಿತೆಂದರೆ ಎರಡೂ ಅಳಿದುಹೋಗುತ್ತವೆ. ಆದುದರಿಂದಲೇ ಇವೆರಡನ್ನೂ ಅಗಲಿಸಿ ಇಡುವ ಪೆಟ್ಟಿಗೆ ಬೇಕಾಯಿತು.

ಈ ಪೆಟ್ಟಿಗೆಗಳಲ್ಲಿ ಮುಖ್ಯವಾದ ಕುಲ ಎರಡು. ಮೊದಲನೆಯದು ಎಲ್ಲ ಕಡೆಯೂ ಮುಚ್ಚಿದ್ದು. ಒಳಗೆ ಸಿಕ್ಕಿದ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿದು ಹದದಲ್ಲಿಡುತ್ತದೆ. ಈ ತತ್ತ್ವವನ್ನು ನೆಮ್ಮಿ ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಚಿಕ್ಕ ಪೆಟ್ಟಿಗೆಯಿಂದಲೂ ಗಂಭೀರವಾದ ಮಂದ್ರವನ್ನು ಹೊರಡಿಸಿ ತೋರಿಸಿದನು. ಎರಡನೆಯದು ಕೊಳವೆಯುಳ್ಳದ್ದು, ಅಂಗಡಿಯವರ ಮಾತಿನಲ್ಲಿ ಪೋರ್ಟ್ ಪೆಟ್ಟಿಗೆ. ಬರಿದಾದ ಸೀಸೆಯ ಬಾಯಿಗೆ ತುಟಿಯಿಟ್ಟು ಊದಿದರೆ ಹುಂಕಾರ ಕೇಳುವುದಲ್ಲವೆ, ಅದೇ ನ್ಯಾಯ ಇಲ್ಲಿಯೂ ನಡೆಯುತ್ತದೆ. ಹಿಂದಿನ ಅಲೆ ವ್ಯರ್ಥವಾಗದೆ ಕೊಳವೆಯ ಮೂಲಕ ಹೊರಬಂದು ಮುಂದಿನದಕ್ಕೆ ಬಲ ಕೊಡುತ್ತದೆ. ಆಲ್ಬರ್ಟ್ ಥುರಾಸ್ ಎಂಬಾತ ಇದಕ್ಕೆ 1932ರಲ್ಲೇ ಪೇಟೆಂಟ್ ಪಡೆದಿದ್ದನು. ಇಂತಹ ಪೆಟ್ಟಿಗೆಯನ್ನು ಊಹೆಯಿಂದಲ್ಲದೆ ಲೆಕ್ಕದಿಂದ ಕಟ್ಟುವ ಕ್ರಮವನ್ನು 1961ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲ್, ಅನಂತರ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ರೂಪಿಸಿಕೊಟ್ಟರು. ಇಂದು ಸಬ್‌ವೂಫರಿನ ಜೊತೆಗೆ ಬರುವ ಕಾಗದದಲ್ಲಿ ಅಚ್ಚಾಗಿರುವ ಅಂಕಿಗಳು ಈ ಇಬ್ಬರ ಹೆಸರಿನವೇ. ಕೊಳ್ಳುವವನು ಆ ಕಾಗದವನ್ನು ಓದಿಸಿಕೊಳ್ಳಬೇಕು. ಒಂದು ಸಬ್‌ವೂಫರಿಗೆ ಒಗ್ಗಿದ ಪೆಟ್ಟಿಗೆ ಮತ್ತೊಂದಕ್ಕೆ ಒಗ್ಗಲಾರದು.

ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಯಲ್ಲಿ ಕಾರಿನ ಸಾಮಗ್ರಿಗಳ ಅಂಗಡಿಗಳು ಸಾಲಾಗಿವೆ. ಅಲ್ಲಿಗೆ ಒಂದು ಶನಿವಾರ ತಂದೆ, ತಾಯಿ, ಮಗ ಮೂವರೂ ಒಟ್ಟಿಗೇ ಬಂದರು. ಮನೆಗೆಲ್ಲ ಇರುವುದು ಒಂದೇ ಕಾರು; ಅದರ ಸಾಲದ ಕಂತು ಮಗನ ಸಂಬಳದಲ್ಲಿ ತೀರುತ್ತಿತ್ತು. ಆತನಿಗೆ ಎದೆ ನಡುಗಿಸುವ ಸಂಗೀತ ಬೇಕು. ತಾಯಿಗೆ ಡಿಕ್ಕಿಯ ಚಿಂತೆ. ತಿಂಗಳಿಗೊಮ್ಮೆ ಹಾಸನದ ಮಗಳ ಮನೆಗೆ ಹೋಗುವಾಗ ಚೀಲಗಳನ್ನು ಎಲ್ಲಿಡಬೇಕು? ತಂದೆಯದು ಬೇರೆಯೇ ಕಥೆ. ಯೌವನದಲ್ಲಿ ಮೃದಂಗ ಕಲಿತವರು. ಈಗ ವಯಸ್ಸು ಕಿವಿಯ ಮೇಲೆ ಕೈಹಾಕಿತ್ತು. ಮುಪ್ಪಿನಲ್ಲಿ ಮೊದಲು ಮರೆಯಾಗುವುದು ತಾರಸ್ವರಗಳೇ. ಪಿಟೀಲಿನ ಮೇಲಿನ ಸಂಚಾರಗಳು ಅವರಿಗೆ ಮಸುಕಾಗಿದ್ದವು. ಮೃದಂಗದ ಎಡಭಾಗದ, ಎಂದರೆ ತೊಪ್ಪಿಯ, ನಾದ ಮಾತ್ರ ಇನ್ನೂ ಸ್ಪಷ್ಟವಾಗಿತ್ತು. ಆದರೆ ಓಡುವ ಕಾರಿನಲ್ಲಿ ಚಕ್ರಗಳ ಮತ್ತು ಎಂಜಿನ್ನಿನ ಮೊರೆತ ಆ ಮಂದ್ರವನ್ನೇ ನುಂಗಿಹಾಕುತ್ತಿತ್ತು. ಹಾಗಾಗಿ ಹಿಂದಿನ ಸೀಟಿನಲ್ಲಿ ಅವರು ಮೌನವಾಗಿ ಕಿಟಕಿ ನೋಡುತ್ತ ಕುಳಿತಿರುವುದು ರೂಢಿಯಾಗಿಬಿಟ್ಟಿತ್ತು.

“ಪೋರ್ಟ್ ಇರೋದೇ ತಗೊಳ್ಳಿ ಸಾರ್, ಬೀದಿಗೆಲ್ಲ ಕೇಳುತ್ತೆ” ಎಂದ ಅಂಗಡಿಯವ.

“ಬೀದಿಗೆ ಕೇಳಿಸಿದ್ದಕ್ಕೆ ಬೀದಿಯವರು ದುಡ್ಡು ಕೊಡ್ತಾರೇನಪ್ಪ?” ಎಂದರು ತಂದೆ.

ಮಗ ನಕ್ಕು, ಎರಡನ್ನೂ ಕೇಳಿಯೇ ತೀರ್ಮಾನಿಸೋಣವೆಂದ. ಮೊದಲು ಪೋರ್ಟ್ ಪೆಟ್ಟಿಗೆಯಲ್ಲಿ ಸಿನಿಮಾ ಹಾಡೊಂದು ಮೊಳಗಿತು. ಬಾಗಿಲುಗಳು ಅದುರಿದವು, ಮಗನ ಮುಖ ಅರಳಿತು. ಅನಂತರ ಅದರಲ್ಲೇ ಮೃದಂಗದ ತನಿಯಾವರ್ತನ. “ಏಟು ಮುಗಿದರೂ ಇದರ ಮಾತು ಮುಗಿಯೋದಿಲ್ಲವಲ್ಲ” ಎಂದರು ತಂದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅದೇ ತನಿ ನುಡಿದಾಗ ಅಬ್ಬರ ತಗ್ಗಿತ್ತು. ಆದರೆ ಒಂದೊಂದು ಏಟೂ ಬಿಡಿಬಿಡಿಯಾಗಿ ಬಿದ್ದಿತು. ತಂದೆ ಏನನ್ನೂ ಹೇಳಲಿಲ್ಲ. ಅವರ ಎಡಗೈಯ ಬೆರಳುಗಳು ಮಾತ್ರ ಮೊಣಕಾಲಿನ ಮೇಲೆ ಆಡತೊಡಗಿದವು. ಮಗ ಅದನ್ನು ನೋಡಿದ. ಎರಡನೆಯದನ್ನೇ ಕೊಡಿ ಎಂದ.

ಇದು ಕೇವಲ ಮಮತೆಯ ತೀರ್ಪಲ್ಲ, ಶಾಸ್ತ್ರವೂ ಇದನ್ನು ಒಪ್ಪುತ್ತದೆ. ಚೆನ್ನಾಗಿ ಲೆಕ್ಕಹಾಕಿ ಕಟ್ಟಿದ ಪೋರ್ಟ್ ಪೆಟ್ಟಿಗೆ ಸುಶ್ರಾವ್ಯವಾಗಿಯೇ ಇರುತ್ತದೆ. ಅದೇ ವಿದ್ಯುತ್ತಿಗೆ ಹೆಚ್ಚು ಧ್ವನಿಯನ್ನೂ ಕೊಡುತ್ತದೆ. ಆದರೆ ಅದಕ್ಕೆ ಜಾಗ ಹೆಚ್ಚು ಬೇಕು. ತನ್ನ ನಿಗದಿತ ಸ್ವರಕ್ಕಿಂತ ಕೆಳಗಿಳಿದರೆ ಕೋನಿನ ಮೇಲೆ ಅದರ ಹಿಡಿತ ತಪ್ಪುತ್ತದೆ. ಮುಚ್ಚಿದ ಪೆಟ್ಟಿಗೆಯ ಧ್ವನಿ ಕೆಳಗಿಳಿದಂತೆಲ್ಲ ನಿಧಾನವಾಗಿ ಕುಗ್ಗುತ್ತದೆ; ಸ್ಥಾಯಿಗೆ 12 ಡೆಸಿಬೆಲ್. ಇಲ್ಲಿ ಕಾರಿನ ಇಕ್ಕಟ್ಟೇ ಉಪಕಾರಕ್ಕೆ ಬರುತ್ತದೆ. ಅಲೆಯ ಉದ್ದ ಕಾರಿನ ಒಳಗಣ ಉದ್ದದ ಎರಡರಷ್ಟನ್ನು ಮೀರಿದ ಮೇಲೆ ಒಳಗಿನ ಗಾಳಿಯೆಲ್ಲ ಒಂದಾಗಿ ಒತ್ತಲ್ಪಟ್ಟು ಮಂದ್ರವನ್ನು ಎತ್ತಿಹಿಡಿಯುತ್ತದೆ. ಪೆಟ್ಟಿಗೆ ಕಳೆದದ್ದರಲ್ಲಿ ಬಹುಪಾಲನ್ನು ಕಾರು ತುಂಬಿಕೊಡುತ್ತದೆ.

ಉಳಿದದ್ದು ಬಡಗಿಯ ಲೆಕ್ಕ. ಪೆಟ್ಟಿಗೆಯ ಹೊರ ಅಳತೆ 45, 35, 30 ಸೆಂಟಿಮೀಟರು ಇದ್ದರೆ ಸುಮಾರು 47 ಲೀಟರು ಎನಿಸುತ್ತದೆ. 18 ಮಿಲಿಮೀಟರಿನ ಎಂ.ಡಿ.ಎಫ್. ಹಲಗೆಯ ದಪ್ಪವನ್ನು ಎಲ್ಲ ಕಡೆಯೂ ಕಳೆದರೆ ಒಳಗೆ ಉಳಿಯುವುದು 34 ಲೀಟರು ಮಾತ್ರ. ಅದರಲ್ಲಿ ಸಬ್‌ವೂಫರಿನ ಬೆನ್ನು ಆಕ್ರಮಿಸುವ ಪಾಲನ್ನೂ ಬಿಡಬೇಕು. ಒಳ ಅಳತೆ ಕೇಳದೆ ಕೊಂಡವನು ಮರಕ್ಕೆ ಹಣ ಕೊಟ್ಟಂತೆ. ಸಂದುಗಳಲ್ಲಿ ಗಾಳಿ ಸೋರಬಾರದು, ಹಲಗೆ ತಾನೇ ಕಂಪಿಸಬಾರದು. ಪೆಟ್ಟಿಗೆಯನ್ನು ಕಾರಿಗೆ ಬಿಗಿಯಾಗಿ ಕಟ್ಟಿರಬೇಕು. ಇಲ್ಲವಾದರೆ ಥಟ್ಟನೆ ಬ್ರೇಕು ಹಾಕಿದಾಗ ಆ ಭಾರ ಹಿಂದೆ ಕುಳಿತವರ ಬೆನ್ನಿಗೇ ಬಂದೀತು.

ಪೆಟ್ಟಿಗೆ ಡಿಕ್ಕಿಯ ಒಂದು ಮೂಲೆಯಲ್ಲಿ ಕುಳಿತಿತು. ತಾಯಿ ಚೀಲಗಳನ್ನು ಇಟ್ಟು ನೋಡಿ, ಅಕ್ಕಿಯ ಮೂಟೆಗೂ ಜಾಗವಿದೆಯೆಂದು ಸಮಾಧಾನಪಟ್ಟರು. ಮುಂದಿನ ತಿಂಗಳು ಹಾಸನಕ್ಕೆ ಹೊರಟಾಗ, ನೆಲಮಂಗಲ ದಾಟುತ್ತಿದ್ದಂತೆ, ಹಿಂದಿನ ಸೀಟಿನಿಂದ ತಾಳದ ಸದ್ದು ಕೇಳಿಬಂದಿತು. ಮಗ ತಿರುಗಿ ನೋಡಲಿಲ್ಲ. ತಂದೆಯ ಕೈಯ ಸದ್ದು ಇನ್ನಷ್ಟು ಕೇಳಿಸಲೆಂದು ಸಂಗೀತವನ್ನು ಸ್ವಲ್ಪ ತಗ್ಗಿಸಿದ.