ಅಂಗಳದ ಕಿಲ್ಲೆ

ಮಣ್ಣಿನಲ್ಲಿ ಆಡುವುದು ಮಕ್ಕಳ ಕೆಲಸ, ಮಣ್ಣಿಗಾಗಿ ಕಾದಾಡುವುದು ದೊಡ್ಡವರ ಕೆಲಸ ಎಂದು ನಾನು ತಿಳಿದಿದ್ದೆ. ಈ ಸಲದ ದೀಪಾವಳಿಯಲ್ಲಿ ಎರಡೂ ನಮ್ಮ ಅಂಗಳದಲ್ಲಿಯೇ ಕೂಡಿಬಂದವು.

ಬೆಳಗಾವಿಯ ಓಣಿಗಳಲ್ಲಿ ದೀಪಾವಳಿಗೆ ಹುಡುಗರು ಶಿವಾಜಿಯ ಕಿಲ್ಲೆ ಕಟ್ಟುವುದನ್ನು ಅನೇಕ ವಾಚಕರು ಬಲ್ಲರು. ಹಳಿಯಾಳದ ನಮ್ಮ ಮನೆಯಲ್ಲಿ ಮಗನೂ ಒಂದನ್ನು ಕಟ್ಟಹೊರಟ. ಕಲ್ಲು, ಇಟ್ಟಿಗೆಯ ಚೂರುಗಳನ್ನು ಒಟ್ಟಿ, ಹಳೆಯ ಗೋಣಿಯನ್ನು ಕೆಸರಿನಲ್ಲಿ ಅದ್ದಿ ಹೊದಿಸಿದೊಡನೆ ಗೋಣಿಯ ಮಡಿಕೆಗಳೇ ಕಣಿವೆಗಳಾದವು. ಅಂಗೈಯಿಂದ ನುಣ್ಣಗೆ ಸವರಹೋದ ನನ್ನನ್ನು ಅವನು ತಡೆದ. ನುಣುಪಾದರೆ ಅದು ಗೋಡೆಯಾಗುತ್ತದೆ, ಗುಡ್ಡವಾಗುವುದಿಲ್ಲವಂತೆ! ಮರಳು ಎರಚಿ, ತೆಂಗಿನ ನಾರಿನಿಂದ ತಟ್ಟಿ ಒರಟು ಮಾಡಿದ. ದಾರಿಗೆ ಕಟ್ಟಿಗೆ ಕೊಯ್ದ ಪುಡಿ ಹಾಕಿ, ಇಳಿಜಾರಿಗೆಲ್ಲ ಸಾಸಿವೆ ಚೆಲ್ಲಿದ. ಮೊಳೆತರೆ ಅದೇ ಹುಲ್ಲು.

ಮಾಸ್ತರನಾದವನಿಗೆ ಸುಮ್ಮನಿರಲು ಬರುತ್ತದೆಯೇ? ಇಂಥ ಆಟಕ್ಕೆಂದೇ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದನೆಂದೂ, ಇಂದಿಗೂ ಎಷ್ಟೋ ದೇಶಗಳಲ್ಲಿ ಗಡ್ಡಮೀಸೆ ಬಂದವರು ಮೇಜಿನ ಮೇಲೆ ಗುಡ್ಡ ಬಯಲು ನಿರ್ಮಿಸಿ ಬೊಂಬೆಗಳ ಸೈನ್ಯವನ್ನು ಕಾದಾಡಿಸುತ್ತಾರೆಂದೂ ಉಪನ್ಯಾಸ ಕೊಟ್ಟೆ. ಅವನು ಕೇಳದೆ ಕಿಲ್ಲೆಯ ಬುಡದಲ್ಲಿ ಒಂದು ಹೊಲ ಮಾಡತೊಡಗಿದ.

"ಕಿಲ್ಲೆಗೆ ಹೊಲ ಯಾಕೋ?"

"ಸೈನಿಕರು ಉಣ್ಣೂದಿಲ್ಲೇನು?"

ನಾನು ಸೋತೆ. ನನಗೆ ಸೈಬಾರ್ನನ ನೆನಪಾಯಿತು. ವಿಲಿಯಂ ಸೈಬಾರ್ನ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ 1830ರಲ್ಲಿ ವಾಟರ್ಲೂ ಬಯಲಿನಲ್ಲಿ ಎಂಟು ತಿಂಗಳು ನೆಲೆಸಿ ನೆಲವನ್ನಳೆದು, ಅದರ ಮಾದರಿಯನ್ನು 1838ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ. ಕಾಳಗದಲ್ಲಿದ್ದವರಿಗೆ ಪತ್ರ ಬರೆದು, ಅಂದು ಅವರೆದುರಿನ ಹೊಲದಲ್ಲಿ ಯಾವ ಬೆಳೆಯಿತ್ತೆಂದೂ ಕೇಳಿದ್ದನಾತ! 1815ರ ಆ ಕಾಳಗವನ್ನು ಗೆದ್ದ ವೆಲಿಂಗ್ಟನ್ ನಮಗೆ ತೀರ ಪರಕೀಯನಲ್ಲ. ಹದಿನೈದು ವರ್ಷ ಮೊದಲು, ಬರಿಯ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ, ಹಳಿಯಾಳವನ್ನು ಮಹತ್ವದ ಗಡಿಠಾಣೆಯೆಂದು ತನ್ನ ಪತ್ರಗಳಲ್ಲಿ ಮತ್ತೆ ಮತ್ತೆ ಹೆಸರಿಸಿದವನು ಅವನೇ.

ಅಷ್ಟರಲ್ಲಿ ಮಗ ಹೊಲದ ನಡುವೆ ಒಂದು ಬದುವನ್ನೆತ್ತಿದ್ದ.

"ಅಪ್ಪಾ, ಇದರಾಗ ದೊಡ್ಡಪ್ಪನ ಪಾಲು ಯಾವುದು?"

ನನ್ನ ವಿದ್ವತ್ತೆಲ್ಲ ಅಲ್ಲಿಗೆ ಮುಗಿಯಿತು. ಒಂದು ಮೊಳ ಬದು ಅತ್ತಿತ್ತಾದದ್ದಕ್ಕೆ ಅಣ್ಣನಿಗೂ ನನಗೂ ಮಾತು ಬಿಟ್ಟು ನಾಲ್ಕು ವರ್ಷ. ಅದನ್ನು ಸರಿಸಿದವನು ಅವನೆಂದು ನಾನು, ನಾನೆಂದು ಅವನು. ಹುಡುಗರಿದ್ದಾಗ ನಾವೂ ಕಿಲ್ಲೆ ಕಟ್ಟಿದವರೇ. ಮೊಣಕೈವರೆಗೆ ಕೆಸರು ಮಾಡಿಕೊಂಡು ಗೋಣಿ ಅದ್ದುವುದು ಅವನ ಪಾಲು. ಕೈ ತೊಳೆದುಕೊಂಡು ಬಂದು ಸೈನಿಕರನ್ನಿಡುವುದು ನನ್ನ ಪಾಲು. ಆ ಪಾಲಿಗೆ ಅವನೆಂದೂ ತಕರಾರು ತೆಗೆದಿರಲಿಲ್ಲ.

ವಾರ ಕಳೆಯಿತು. ಸಾಸಿವೆ ಬೆರಳುದ್ದ ಎದ್ದು ನಿಂತಿತು. ಪೇಟೆಯಿಂದ ತಂದ ಮಾವಳೆಯರು ಎದೆಮಟ್ಟ ಮುಳುಗಿದರು. ಬದುವಂತೂ ಎಲ್ಲಿದೆಯೆಂದು ಹುಡುಕಬೇಕಾಯಿತು. ಅಂದು ಸಂಜೆ ಧೈರ್ಯ ಮಾಡಿ ಅಣ್ಣನಿಗೆ ಫೋನು ಮಾಡಿದೆ. ಹೊಲದ ಮಾತೆತ್ತಲಿಲ್ಲ. ಹುಡುಗ ಕಿಲ್ಲೆ ಕಟ್ಟಿದ್ದಾನೆ, ಬಂದು ನೋಡಿ ಹೋಗು ಎಂದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಕಡೆಗೆ ಕೇಳಿದ: "ಗೋಣಿ ಚಲೋ ನೆನೆಸಿದ್ದನೇನು?"