ಕೇಶಿರಾಜನ ಕಹಳೆ: ಕಂಠಸಾಧನೆಯ ಕುರಿತು ಕೆಲವು ವಿಚಾರಗಳು

ಹಳಗನ್ನಡ ವ್ಯಾಕರಣವನ್ನು ಪಾಠ ಹೇಳುವವರೆಲ್ಲರೂ ಶಬ್ದಮಣಿದರ್ಪಣದ ಆರಂಭದಲ್ಲಿ ಬರುವ ಶಬ್ದೋತ್ಪತ್ತಿಯ ಪದ್ಯಗಳನ್ನು ಒಮ್ಮೆ ವಿವರಿಸಿ, ಬೇಗನೆ ವರ್ಣಮಾಲೆ ಮತ್ತು ಸಂಧಿಗಳ ಕಡೆಗೆ ಸಾಗುವುದು ವಾಡಿಕೆ. ಜೀವನ ಇಚ್ಛೆಯಿಂದ, ಅನುಕೂಲವಾದ ವಾಯುವಿನ ನೆರವಿನಿಂದ, ಹೊಕ್ಕುಳಿನ ಬುಡದಲ್ಲಿ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯವು ಹುಟ್ಟುತ್ತದೆ, ಅದರ ಬಣ್ಣ ಬಿಳುಪು, ಅದರ ಕಾರ್ಯವೇ ಶಬ್ದ ಎನ್ನುತ್ತಾನೆ ಕೇಶಿರಾಜ. ಮುಂದುವರಿದು, ಶರೀರವೇ ವಾದ್ಯ, ನಾಲಗೆಯೇ ಅದನ್ನು ನುಡಿಸುವ ಕೋಲು, ನುಡಿಸುವವನು ಆತ್ಮ ಎಂದು ರೂಪಕವನ್ನು ಪೂರ್ಣಗೊಳಿಸುತ್ತಾನೆ. ವಿದ್ಯಾರ್ಥಿಗಳಿಗೆ ಇದರಲ್ಲಿ ಎದ್ದು ಕಾಣುವುದು ಜೈನ ದರ್ಶನ. ನೈಯಾಯಿಕರು ಶಬ್ದವನ್ನು ಆಕಾಶದ ಗುಣವೆಂದರೆ ಜೈನರು ಅದನ್ನು ಪುದ್ಗಲದ ಪರ್ಯಾಯವೆಂದು ತಿಳಿಯುತ್ತಾರೆ. ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ ಈ ನಿಲುವನ್ನೇ ವೈಯಾಕರಣನೂ ಒಪ್ಪಿಕೊಂಡಿದ್ದಾನೆ. ಆದುದರಿಂದಲೇ ಅವನ ಶಬ್ದಕ್ಕೆ ದ್ರವ್ಯತ್ವವೂ ಉಂಟು, ಬಣ್ಣವೂ ಉಂಟು.

ನಾನೂ ಬಹುಕಾಲ ಈ ಪದ್ಯಗಳನ್ನು ಹೀಗೆಯೇ ಪಾಠ ಹೇಳಿದವನು. ಅವು ದಾರ್ಶನಿಕ ಹೇಳಿಕೆಗಳಾಗಿರುವಂತೆಯೇ ದೇಹಕ್ರಿಯೆಯ ನಿಖರ ವರ್ಣನೆಗಳೂ ಆಗಿವೆ ಎಂಬುದು ತಿಳಿದದ್ದು ನನ್ನ ದನಿಯೇ ಕೈಕೊಡತೊಡಗಿದ ಮೇಲೆ. ಐವತ್ತು ದಾಟುವ ವೇಳೆಗೆ, ಮಧ್ಯಾಹ್ನದ ಎರಡನೆಯ ತರಗತಿ ಮುಗಿಯುವಷ್ಟರಲ್ಲಿ ನನ್ನ ದನಿ ಒಡೆದು ಹೋಗುತ್ತಿತ್ತು. ಗದ್ಯವನ್ನು ಹೇಗೋ ಓದಿಬಿಡಬಹುದು. ಆದರೆ ಪಂಪನ ವೃತ್ತವೊಂದನ್ನು ಎತ್ತಿಕೊಂಡರೆ ಮೇಲಿನ ಸ್ವರ ನಿಲ್ಲುತ್ತಿರಲಿಲ್ಲ, ಮೂರನೆಯ ಪಾದಕ್ಕೆ ಬರುವಾಗ ಉಸಿರು ಉಳಿಯುತ್ತಿರಲಿಲ್ಲ. ಪರೀಕ್ಷಿಸಿದ ವೈದ್ಯರು ಸ್ವರತಂತುಗಳಲ್ಲಿ ಗಂಟುಗಳೇನೂ ಇಲ್ಲ, ಬಹುಕಾಲದ ಆಯಾಸವಿದೆ ಎಂದು ಹೇಳಿ ವಾಕ್‌ಚಿಕಿತ್ಸೆಗೆ ಕಳುಹಿಸಿದರು. ಅದೇ ಸುಮಾರಿಗೆ ನಮ್ಮೂರಿನ ಹಿರಿಯ ಗಮಕಿಗಳೊಬ್ಬರಲ್ಲಿ ಬೆಳಗಿನ ಪಾಠಕ್ಕೂ ಸೇರಿಕೊಂಡೆ. ಕಾವ್ಯವನ್ನು ದನಿಯೆತ್ತಿ ಓದಲಾಗದ ಕನ್ನಡ ಅಧ್ಯಾಪಕ ನಿವೃತ್ತಿಯವರೆಗಿನ ವರ್ಷಗಳನ್ನು ಯಾವುದರಿಂದ ತುಂಬಬೇಕು ಎಂಬ ಪ್ರಶ್ನೆ ಆಗ ನನಗೆ ಅಲಂಕಾರದ ಮಾತಾಗಿರಲಿಲ್ಲ.

ಒಳ್ಳೆಯ ದನಿ ಹುಟ್ಟಿನಿಂದ ಬರುವುದೋ ಸಾಧನೆಯಿಂದ ಬರುವುದೋ ಎಂಬ ಚರ್ಚೆ ನಮ್ಮ ಶಾಸ್ತ್ರಗಳಲ್ಲಿ ಹಳೆಯದು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ‘ಶಾರೀರ’ ಎಂಬ ಪದವನ್ನು ವಿವರಿಸುತ್ತ, ಅಭ್ಯಾಸವಿಲ್ಲದೆಯೂ ರಾಗವನ್ನು ವ್ಯಕ್ತಪಡಿಸಬಲ್ಲ ದನಿಯ ಶಕ್ತಿಯೇ ಶಾರೀರ, ಶರೀರದೊಡನೆಯೇ ಹುಟ್ಟುವುದರಿಂದ ಅದಕ್ಕೆ ಆ ಹೆಸರು ಎನ್ನುತ್ತಾನೆ. ಇಂದಿಗೂ ಕಚೇರಿ ಕೇಳಿ ಬಂದವರು ‘ಶಾರೀರ ಚೆನ್ನಾಗಿದೆ’ ಎನ್ನುವಾಗ ಈ ಪರಿಭಾಷೆಯನ್ನೇ ಬಳಸುತ್ತಿರುತ್ತಾರೆ. ಜೈನ ಕರ್ಮಸಿದ್ಧಾಂತವು ಇದನ್ನು ಬೇರೊಂದು ದಾರಿಯಲ್ಲಿ ಹೇಳುತ್ತದೆ. ದೇಹದ ರಚನೆಯನ್ನು ನಿರ್ಧರಿಸುವ ನಾಮಕರ್ಮದ ಪ್ರಕೃತಿಗಳಲ್ಲಿ ‘ಸುಸ್ವರ’ ಮತ್ತು ‘ದುಃಸ್ವರ’ ಎಂಬ ಎರಡು ಉಂಟು. ಯಾವುದರ ಉದಯವಾಗಿದೆಯೋ ಅದರಂತೆ ದನಿ.

ಈ ವಿಂಗಡಣೆಯ ಸ್ವಾರಸ್ಯ ಕಾಣಬೇಕಾದರೆ ಕೇಶಿರಾಜನ ಸೋದರಮಾವ ಜನ್ನನನ್ನು ಓದಬೇಕು. 1209ರ ಯಶೋಧರ ಚರಿತೆಯಲ್ಲಿ ಅರಸಿ ಅಮೃತಮತಿ ಮೊದಲು ಕೇಳುವುದು ದನಿಯನ್ನು. ಗಜಶಾಲೆಯ ಕಡೆಯಿಂದ ತೇಲಿ ಬಂದ ಹಾಡಿಗೆ ಮನಸೋತ ಮೇಲೆ ಹಾಡಿದವನು ಯಾರೆಂದು ನೋಡಿಬರಲು ಗೆಳತಿಯನ್ನು ಕಳುಹಿಸುತ್ತಾಳೆ. ಅವಳು ಕಂಡು ಬಂದು ವರ್ಣಿಸುವ ಮಾವುತ ಅಷ್ಟಾವಂಕನು ಅಂಗಾಂಗಗಳೆಲ್ಲ ವಿಕಾರಗೊಂಡ ಕುರೂಪಿ. ವಿಮರ್ಶಕರು ಇಲ್ಲಿ ಕಾಮದ ಕುರುಡನ್ನು, ವಿಧಿಯ ವಿಲಾಸವನ್ನು ಸಾಕಷ್ಟು ಚರ್ಚಿಸಿದ್ದಾರೆ. ಆದರೆ ಕರ್ಮಗ್ರಂಥಗಳ ಪರಿಚಯವಿದ್ದ ಓದುಗನಿಗೆ ಈ ವ್ಯಕ್ತಿ ಅಸಂಭಾವ್ಯನಾಗಿ ತೋರುವುದಿಲ್ಲ. ದೇಹದ ಆಕಾರಕ್ಕೆ ಕಾರಣವಾದ ‘ಸಂಸ್ಥಾನ’ವೇ ಬೇರೆ, ದನಿಗೆ ಕಾರಣವಾದ ‘ಸುಸ್ವರ’ವೇ ಬೇರೆ. ವಿಕಾರವಾದ ಸಂಸ್ಥಾನವೂ ಸುಸ್ವರವೂ ಒಬ್ಬನಲ್ಲೇ ಒಟ್ಟಿಗೆ ಉದಯಕ್ಕೆ ಬರುವುದಕ್ಕೆ ಸಿದ್ಧಾಂತದ ಅಡ್ಡಿಯಿಲ್ಲ. ಜನ್ನನ ಕಥೆಯ ತಿರುವು ನಿಂತಿರುವುದು ಈ ಬಿರುಕಿನ ಮೇಲೆಯೇ ಎಂದು ನನಗೆ ತೋರುತ್ತದೆ.

ದನಿ ಕರ್ಮದ ಫಲವಾದರೆ ಸಾಧನೆಗೆ ಅರ್ಥವೇನು? ಇಲ್ಲಿ ಕರ್ಮಸಿದ್ಧಾಂತದ ಎರಡನೆಯ ಅರ್ಧವನ್ನು ಮರೆಯಬಾರದು. ಮೂಲಪ್ರಕೃತಿಗಳು ಒಂದು ಇನ್ನೊಂದಾಗಿ ಮಾರ್ಪಡಲಾರವು. ಆದರೆ ಒಂದೇ ಮೂಲಪ್ರಕೃತಿಗೆ ಸೇರಿದ ಉತ್ತರಪ್ರಕೃತಿಗಳಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ಸಂಕ್ರಮಣಕ್ಕೆ ಅವಕಾಶವಿದೆ. ಪುರುಷಾರ್ಥಕ್ಕೆ ಬಾಗಿಲು ಮುಚ್ಚಿದ ದರ್ಶನ ಇದಲ್ಲ. ಶಾರ್ಙ್ಗದೇವನೂ ವಿದ್ಯಾದಾನ, ತಪಸ್ಸು, ಶಿವಭಕ್ತಿಗಳಿಂದ ಸುಶಾರೀರ ದೊರೆಯುವುದೆಂದು ಹೇಳಿ, ಹುಟ್ಟಿನೊಡನೆ ಬಂದುದಕ್ಕೂ ಪ್ರಯತ್ನದ ಹಿನ್ನೆಲೆಯನ್ನು ಕೊಡುತ್ತಾನೆ.

ಇನ್ನು ಸಾಧನೆಯ ವಿವರಕ್ಕೆ ಬರೋಣ. ವಾಕ್‌ಚಿಕಿತ್ಸಕಿ ಮೊದಲು ಕಲಿಸಿದ್ದು ಉಸಿರನ್ನು. ಅಂಗಾತ ಮಲಗಿ ಹೊಟ್ಟೆಯ ಮೇಲೊಂದು ಪುಸ್ತಕವನ್ನಿಟ್ಟುಕೊಂಡು, ಉಸಿರೆಳೆದಾಗ ಪುಸ್ತಕ ಏಳಬೇಕು, ಎದೆ ಏಳಬಾರದು. ಆಮೇಲೆ ‘ಸ್’ ಎಂದು ಹಲ್ಲಿನ ಸಂದಿಯಿಂದ ಆ ಉಸಿರನ್ನು ಒಂದೇ ಸಮನೆ, ನಡುಗದಂತೆ ಬಿಡಬೇಕು. ಮೊದಲ ವಾರ ಎಂಟು ಸೆಕೆಂಡು ಕಷ್ಟವಾಗಿದ್ದದ್ದು ಎರಡು ತಿಂಗಳಲ್ಲಿ ಇಪ್ಪತ್ತಕ್ಕೆ ಬಂತು. ಹೊಕ್ಕುಳಿನ ಬುಡವು ನಿಧಾನವಾಗಿ ಒಳಸರಿಯುತ್ತ ಉಸಿರನ್ನು ಮೇಲಕ್ಕೆ ಕಳುಹಿಸುವುದನ್ನು ಅಂಗೈಯಿಂದ ಮುಟ್ಟಿ ತಿಳಿದಾಗ ಕೇಶಿರಾಜನ ನಾಭಿಮೂಲ ನನಗೆ ಶಾಸ್ತ್ರದ ಸಂಕೇತವಾಗಿ ಉಳಿಯಲಿಲ್ಲ. ಶಬ್ದ ಹುಟ್ಟುವುದು ಗಂಟಲಿನಲ್ಲಿ ಎಂಬುದು ಇಂದಿನ ವಿಜ್ಞಾನ. ಆದರೆ ಆ ಗಂಟಲಿಗೆ ಬಲ ಬರುವುದು ಕೆಳಗಿನಿಂದ. ಕಹಳೆಯವನ ತುಟಿಗಳು ಕಂಪಿಸುತ್ತವೆ, ಉಸಿರು ಒಡಲಿನಿಂದ ಬರುತ್ತದೆ, ಕೊಳವೆ ಅದನ್ನು ನಾದವಾಗಿಸುತ್ತದೆ. ಸ್ವರತಂತು, ಶ್ವಾಸ, ಗಂಟಲಿನಿಂದ ಬಾಯಿ ಮೂಗುಗಳವರೆಗಿನ ಪೊಳ್ಳು ಎಂಬ ಮೂರನ್ನೂ ಆ ಒಂದು ಹೋಲಿಕೆ ಒಳಗೊಂಡಿದೆ.

ಎರಡನೆಯದು ಬಾಯಿಯನ್ನು ಅರ್ಧ ಮುಚ್ಚಿ ಮಾಡುವ ಅಭ್ಯಾಸಗಳು. ತುಟಿ ಸೇರಿಸಿ ‘ಮ್’ ಎಂದು ಗುನುಗುವುದು, ಮಕ್ಕಳು ಆಟದ ಬಸ್ಸು ಓಡಿಸುವಾಗ ಮಾಡುವಂತೆ ತುಟಿಗಳನ್ನು ಅದುರಿಸುತ್ತ ಸ್ವರವನ್ನು ಕೆಳಗಿನಿಂದ ಮೇಲಕ್ಕೂ ಮೇಲಿನಿಂದ ಕೆಳಕ್ಕೂ ಜಾರಿಸುವುದು, ಕಿರಿದಾದ ಕೊಳವೆಯನ್ನು ನೀರಿನಲ್ಲಿ ಅದ್ದಿ ಅದರ ಮೂಲಕ ದನಿ ಮಾಡುವುದು. ಬಾಯಿಯ ಕಡೆ ದಾರಿ ಕಿರಿದಾದಾಗ ಗಾಳಿಯ ಒತ್ತಡ ಹಿಂದಕ್ಕೆ ಮರಳಿ ಸ್ವರತಂತುಗಳಿಗೆ ಆಸರೆ ಕೊಡುತ್ತದೆ. ಅವು ಒಂದಕ್ಕೊಂದು ಜೋರಾಗಿ ಬಡಿದುಕೊಳ್ಳದೆ ಕಂಪಿಸುತ್ತವೆ. ಸಾಮಾನ್ಯ ಮಾತಿನಲ್ಲಿಯೇ ಗಂಡಸರ ತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ, ಹೆಂಗಸರವು ಸುಮಾರು ಇನ್ನೂರು ಬಾರಿ ಕಂಪಿಸುತ್ತವೆ. ದಿನಕ್ಕೆ ನಾಲ್ಕು ತರಗತಿ ತೆಗೆದುಕೊಳ್ಳುವವನ ಗಂಟಲಿನ ಮೇಲೆ ಎಷ್ಟು ಹೊಡೆತ ಬೀಳುತ್ತದೆಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಗಮಕ ಗುರುಗಳ ಪಾಠ ಬೇರೆ ತೆರನದು. ಮೇಲಿನ ಸ್ವರ ನಿಲ್ಲುತ್ತಿಲ್ಲವೆಂದು ನಾನು ಹೇಳಿದರೆ ಅವರು ನನ್ನನ್ನು ಕೆಳಗಿನ ಸ್ವರಗಳಲ್ಲಿ ನಿಲ್ಲಿಸಿದರು. “ಮೇಷ್ಟ್ರೇ, ಮಹಡಿಗೆ ಹೋಗುವ ಮೆಟ್ಟಿಲು ಇರುವುದು ನೆಲದ ಮೇಲೆ” ಎಂಬುದು ಅವರ ಉತ್ತರ. ತಂಬೂರಿಯ ಶ್ರುತಿಗೆ ಮಧ್ಯ ಷಡ್ಜವನ್ನು ಅಕಾರದಲ್ಲಿ ಹಿಡಿದು, ಅಲ್ಲಿಂದ ಮಂದ್ರದ ನಿಷಾದ, ದೈವತ, ಪಂಚಮಗಳಿಗೆ ಒಂದೊಂದಾಗಿ ಇಳಿದು ಪ್ರತಿ ಸ್ವರದಲ್ಲಿ ಉಸಿರಿರುವಷ್ಟು ಹೊತ್ತು ನಿಲ್ಲಬೇಕು. ಹಿಂದುಸ್ತಾನಿಯವರು ‘ಖರಜ’ ಎಂದು ಕರೆಯುವ ಮುಂಜಾನೆಯ ಮಂದ್ರಸಾಧನೆಯ ತತ್ತ್ವವೂ ಇದೇ. ಬಳಿಕ ಮಾಯಾಮಾಳವಗೌಳದ ಸರಳೆ ವರಿಸೆ, ಜಂಟಿ ವರಿಸೆ. ಪುರಂದರದಾಸರು ಏರ್ಪಡಿಸಿದರೆಂದು ಪರಂಪರೆ ನಂಬುವ ಈ ಪಾಠಕ್ರಮದಲ್ಲಿ ರಾಗದ ಆಯ್ಕೆಯೇ ಜಾಣತನದ್ದು. ಷಡ್ಜದಿಂದ ಮಧ್ಯಮದವರೆಗಿನ ಅಂತರಗಳೇ ಪಂಚಮದಿಂದ ತಾರಷಡ್ಜದವರೆಗೂ ಮರುಕಳಿಸುತ್ತವೆ. ಕೆಳಗಿನ ನಾಲ್ಕು ಸ್ವರಗಳನ್ನು ಕಲಿತ ಕಂಠ ಅದೇ ನಡೆಯನ್ನು ಮೇಲೆಯೂ ನಡೆಯುತ್ತದೆ. ಮೇಲೇರುವಾಗ ತಂತುಗಳು ಹಿಗ್ಗಿ ತೆಳುವಾಗಬೇಕು, ಜೋರು ಹೆಚ್ಚಿಸಿದರೆ ಅವು ದಪ್ಪನಾಗಿಯೇ ಉಳಿದು ಎಳೆದಾಡುತ್ತವೆ. ಮೇಲಿನ ಸ್ವರವನ್ನು ಮೆಲ್ಲಗೆ ಮುಟ್ಟಬೇಕೆಂದು ಗುರುಗಳು ಮತ್ತೆ ಮತ್ತೆ ಹೇಳುತ್ತಿದ್ದುದಕ್ಕೆ ಇದು ಕಾರಣ.

ಶಾರ್ಙ್ಗದೇವನು ಎಣಿಸಿರುವ ಗಾಯಕರ ಇಪ್ಪತ್ತೈದು ದೋಷಗಳನ್ನು ಈ ಅನುಭವದ ನಂತರ ಮತ್ತೆ ಓದಿದೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ, ಬಾಯಿಯನ್ನು ವಿಕಾರವಾಗಿ ತೆರೆಯುವವನು ಕರಾಲಿ, ಕತ್ತಿನ ನರಗಳನ್ನು ಉಬ್ಬಿಸುವವನು ಝೋಂಬಕ, ಕೆನ್ನೆ ಉಬ್ಬಿಸುವವನು ತುಂಬಕಿ, ಮೂಗಿನಲ್ಲಿ ಹಾಡುವವನು ಸಾನುನಾಸಿಕ. ಕಾವ್ಯಮೀಮಾಂಸೆಯ ದೋಷಪ್ರಕರಣಗಳಂತೆ ಇವನ್ನೂ ಪಂಡಿತರ ಪಟ್ಟಿಯೆಂದು ಹಾಯ್ದು ಹೋಗುವುದು ಸುಲಭ. ಆದರೆ ಇವುಗಳಲ್ಲಿ ಹೆಚ್ಚಿನವು ದವಡೆ, ಕತ್ತು, ನಾಲಗೆಗಳ ಅನವಶ್ಯಕ ಬಿಗಿತವನ್ನೇ ಹೆಸರಿಸುತ್ತವೆ. ವಾಕ್‌ಚಿಕಿತ್ಸಕಿ ಕನ್ನಡಿಯೆದುರು ಕೂರಿಸಿ ತೋರಿಸಿದ್ದೂ ಇದೇ ಬಿಗಿತಗಳನ್ನು. ಎಂಟು ಶತಮಾನಗಳ ಅಂತರದ ಇಬ್ಬರು ಪರೀಕ್ಷಕರು ಒಂದೇ ಕತ್ತಿನ ನರವನ್ನು ನೋಡುತ್ತಿದ್ದರು.

ಸಾಧನೆಯ ಮಿತಿಯನ್ನೂ ಹೇಳಬೇಕು. ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಂಗೂಬಾಯಿ ಹಾನಗಲ್ಲರ ತೆಳುವಾದ, ಎತ್ತರದ ದನಿ ಗಂಡುದನಿಯಂತೆ ದಪ್ಪನಾಯಿತು. ಹಳೆಯ ಧ್ವನಿಮುದ್ರಿಕೆಗಳನ್ನೂ ನಂತರದವುಗಳನ್ನೂ ಒಟ್ಟಿಗೆ ಕೇಳಿದವರಿಗೆ ಒಬ್ಬರೇ ಹಾಡಿದ್ದೆಂದು ನಂಬುವುದು ಕಷ್ಟ. ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಆ ಹಿರಿಯರು ಕಳೆದುಹೋದ ದನಿಯನ್ನು ಮರಳಿ ತರಲು ಹೋಗದೆ, ಇರುವ ದನಿಯಲ್ಲಿ ಕಿರಾನಾ ಘರಾಣೆಯ ನಿಧಾನದ ಸ್ವರವಿಸ್ತಾರವನ್ನು ಕಟ್ಟಿದರು. ಸಾಧನೆಯೆಂದರೆ ಬೇರೊಬ್ಬರ ದನಿಯನ್ನು ಪಡೆಯುವುದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ತಿಳಿದಿಲ್ಲ. ನನ್ನ ಮಟ್ಟಿಗೂ ತಾರಸ್ಥಾಯಿಯಲ್ಲಿ ದೊರೆತದ್ದು ಎರಡು ಸ್ವರಗಳಷ್ಟೇ. ಮಂದ್ರದಲ್ಲಿ ಅದಕ್ಕಿಂತ ಹೆಚ್ಚು ದೊರೆಯಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದ ಆಗುವ ಪ್ರಯೋಜನವನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕಂದಪದ್ಯದ ಒಂದು ಅರ್ಧಕ್ಕೆ ಮೂವತ್ತೆರಡು ಮಾತ್ರೆ: ಹನ್ನೆರಡು ಮೊದಲ ಪಾದಕ್ಕೆ, ಇಪ್ಪತ್ತು ಎರಡನೆಯದಕ್ಕೆ. ಸೆಕೆಂಡಿಗೆ ಮೂರು ಮಾತ್ರೆಯ ನಡೆಯಲ್ಲಿ ಓದಿದರೆ ಹನ್ನೊಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಅಭ್ಯಾಸವಿರುವ ಒಂದು ಉಸಿರಿಗೆ ಇದು ಹದವಾದ ಅಳತೆ. ಬಹುಪಾಲು ಕಂದಗಳಲ್ಲೇ ಸಾಗುವ ಯಶೋಧರ ಚರಿತೆಯನ್ನು ಹೀಗೆ ಅರ್ಧಕ್ಕೊಂದು ಉಸಿರಿನಂತೆ ಓದಿದಾಗ ಜನ್ನನ ಕಥನದ ವೇಗ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ವೃತ್ತಗಳ ಕಷ್ಟ ಬೇರೆ. ಮಹಾಸ್ರಗ್ಧರೆಯ ಪಾದಕ್ಕೆ ಇಪ್ಪತ್ತೆರಡು ಅಕ್ಷರ. ಕನ್ನಡ ಕವಿಗಳು ಯತಿಯ ನಿಯಮವನ್ನು ಸಂಸ್ಕೃತ ಕವಿಗಳಷ್ಟು ಬಿಗಿಯಾಗಿ ಪಾಲಿಸದ ಕಾರಣ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದನ್ನು ಓದುಗನು ಅರ್ಥವನ್ನು ನೋಡಿಯೇ ತೀರ್ಮಾನಿಸಬೇಕು. ಹಾಗಾಗಿ ಉಸಿರಿನ ಸ್ಥಾನವನ್ನು ಗುರುತಿಸುವುದೆಂದರೆ ಅನ್ವಯವನ್ನು ಗುರುತಿಸುವುದೇ. ಪದ್ಯಕ್ಕೆ ಅರ್ಥ ಬರೆದು ತಂದ ವಿದ್ಯಾರ್ಥಿಯನ್ನು ಒಮ್ಮೆ ದನಿಯೆತ್ತಿ ಓದಲು ಹೇಳಿದರೆ, ಅವನು ಎಲ್ಲಿ ಉಸಿರೆಳೆದನೆಂಬುದರಿಂದಲೇ ಅರ್ಥ ಎಷ್ಟು ದಕ್ಕಿದೆಯೆಂದು ಹೇಳಿಬಿಡಬಹುದು.

ನಮ್ಮ ಸ್ನಾತಕೋತ್ತರ ತರಗತಿಗಳಿಂದ ವಾಚನ ಬಹುತೇಕ ಮರೆಯಾಗಿದೆ. ಸಂಶೋಧನ ಪ್ರಬಂಧಗಳಲ್ಲಿ ಉದ್ಧೃತವಾಗುವ ಎಷ್ಟೋ ಪದ್ಯಗಳನ್ನು ಉದ್ಧರಿಸಿದವರೇ ಒಮ್ಮೆಯೂ ಉಚ್ಚರಿಸಿರುವುದಿಲ್ಲ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಯವರಂತಹ ಗಮಕಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಆದರೆ ಗಮಕವನ್ನು ವೇದಿಕೆಯ ಕಲೆಯಾಗಿ ಗೌರವಿಸಿ, ವ್ಯಾಸಂಗದ ವಿಧಾನವಾಗಿ ಕೈಬಿಟ್ಟಿದ್ದೇವೆ. ಈಗ ನಾನು ಪ್ರತಿ ಹಳಗನ್ನಡ ತರಗತಿಯ ಮೊದಲ ಐದು ನಿಮಿಷವನ್ನು ಉಸಿರಿಗೂ ಗುನುಗಿಗೂ ಮೀಸಲಿಟ್ಟಿದ್ದೇನೆ. ಮೊದಲು ನಗುವ ವಿದ್ಯಾರ್ಥಿಗಳು ಎರಡನೆಯ ತಿಂಗಳಿಗೆ ತಾವಾಗಿಯೇ ಪದ್ಯ ಎತ್ತಿಕೊಳ್ಳುತ್ತಾರೆ. ಹಾಡಲು ಬಾರದವರೂ ಓದಬಲ್ಲರು.

ದಿಗಂಬರ ಪರಂಪರೆಯಂತೆ ತೀರ್ಥಂಕರನ ದಿವ್ಯಧ್ವನಿಗೆ ತುಟಿ ನಾಲಗೆಗಳ ಚಲನೆ ಬೇಕಿಲ್ಲ. ಅದು ಸರ್ವಾಂಗದಿಂದ ಹೊಮ್ಮಿ, ಹದಿನೆಂಟು ಮಹಾಭಾಷೆಗಳಲ್ಲಿಯೂ ಏಳುನೂರು ಕ್ಷುಲ್ಲಕ ಭಾಷೆಗಳಲ್ಲಿಯೂ ಕೇಳುವವರಿಗೆ ತಿಳಿಯುತ್ತದೆ. ಅದು ಪ್ರಯತ್ನವನ್ನು ದಾಟಿದ ಸ್ಥಿತಿ. ಉಳಿದ ನಮಗೆಲ್ಲ ಕೇಶಿರಾಜನು ವಿವರಿಸಿದ ವಾದ್ಯವೇ ಗತಿ. ಆ ವಾದ್ಯವನ್ನು ದಿನವೂ ಶ್ರುತಿ ಮಾಡಿಕೊಳ್ಳುವ ಕೆಲಸ ಸಂಗೀತಗಾರರಿಗೆ ಮಾತ್ರ ಸೇರಿದ್ದಲ್ಲ. ಕಾವ್ಯ ಓದುವವರಿಗೂ, ಓದಿಸುವವರಿಗೂ ಸೇರಿದ್ದು.