ಸಾಲ ಮಾಡದವನ ಪತ್ತು

ಪತ್ತು ಎಂಬ ಮಾತು ನಮ್ಮ ರೈತನಿಗೆ ಹೊಸದಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಮುಂದೆ ಆ ಮಾತು ಊರೂರಿನ ನಾಮಫಲಕಗಳನ್ನೇರಿತು. ಕೊಡುವವನು ಕೊಳ್ಳುವವನ ಮೇಲೆ ಇಡುವ ವಿಶ್ವಾಸವೇ ಪತ್ತು. ಅಂದಿನ ಗ್ರಾಮ ಸಂಘಗಳಲ್ಲಿ ಆ ವಿಶ್ವಾಸಕ್ಕೆ ಆಧಾರ, ಒಬ್ಬರನ್ನೊಬ್ಬರು ಬಲ್ಲ ನೆರೆಹೊರೆ; ಒಬ್ಬನು ತಪ್ಪಿದರೆ ಉಳಿದವರು ಹೊಣೆ. ಇಂದು ಆ ಸ್ಥಾನದಲ್ಲಿ ಒಂದು ಅಂಕಿ ಬಂದು ಕುಳಿತಿದೆ. ಈ ಬದಲಾವಣೆ ನಮ್ಮ ಅರಿವಿಗೆ ಬಂದದ್ದು ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಯೊಬ್ಬನಿಂದ.

ಆತ ಈಗ ತಾಲೂಕು ಸ್ಥಳದಲ್ಲಿ ಪಂಪುಸೆಟ್ಟು ದುರಸ್ತಿಯ ಅಂಗಡಿ ಇಟ್ಟಿದ್ದಾನೆ. ಎರಡು ವರ್ಷಗಳ ಹಿಂದೆ ಒಂದು ಸಂಜೆ ಮಠಕ್ಕೆ ಬಂದವನು ನಮಸ್ಕರಿಸಿ ಸುಮ್ಮನೆ ಕುಳಿತ. ಕೇಳಿದ ಮೇಲೆ ಬಾಯಿಬಿಟ್ಟ. ಲೇಥ್ ಯಂತ್ರಕ್ಕಾಗಿ ಬ್ಯಾಂಕಿನಲ್ಲಿ ಸಾಲ ಕೇಳಿದ್ದನಂತೆ. ಹಿಂದೆ ಸಾಲ ಪಡೆದ ದಾಖಲೆಯೇ ಇಲ್ಲವೆಂದು ಅವರು ಒಪ್ಪಲಿಲ್ಲ. ಮೊದಲು ಒಂದು ಕ್ರೆಡಿಟ್ ಕಾರ್ಡ್ ಪಡೆದು ದಾಖಲೆ ಮಾಡಿಕೊಳ್ಳೋಣವೆಂದು ಅರ್ಜಿ ಹಾಕಿದರೆ, ಅದೂ ಅದೇ ಕಾರಣಕ್ಕೆ ತಿರಸ್ಕೃತವಾಯಿತು.

“ಅಪ್ಪಾರ, ಸಾಲ ಮಾಡಬ್ಯಾಡ್ರಿ ಅಂತ ತಾವ ಕಲಿಸಿದ್ರಿ. ನಾನು ಮಾಡಲಿಲ್ಲ. ಈಗ ಬ್ಯಾಂಕಿನವರು ನಿನ್ನ ಗುರುತ ಇಲ್ಲ ಅಂತಾರ್ರಿ” ಎಂದ.

ಆ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲ; ಆದರೂ ಅದು ನಮ್ಮನ್ನು ಇರಿಯಿತು. ನಿಲಯದ ಹುಡುಗರಿಗೆ ನಾವು ಆ ಉಪದೇಶ ಮಾಡಿದ್ದು ನಿಜ. ಸಾಲದಲ್ಲಿ ಮುಳುಗಿ ಹೊಲ ಕಳೆದುಕೊಂಡ ಮನೆಗಳಿಂದಲೇ ಅವರಲ್ಲಿ ಹಲವರು ಬಂದಿದ್ದರು. ಆತ ಗುರುವಾಕ್ಯವನ್ನು ಇಪ್ಪತ್ತೈದು ವರ್ಷ ಪಾಲಿಸಿದ್ದ. ಅದರ ಫಲವೆಂಬಂತೆ ಅಪರಿಚಿತನಾಗಿದ್ದ.

ನಾವು ಆ ಬ್ಯಾಂಕಿನ ವ್ಯವಸ್ಥಾಪಕರಿಗೆ ಒಂದು ಪತ್ರ ಬರೆದುಕೊಟ್ಟೆವು. ಆತನ ನಡತೆಗೆ ನಾವು ಸಾಕ್ಷಿ ಎಂದು ಅದರಲ್ಲಿ ತಿಳಿಸಿದ್ದೆವು. ಅವರು ಪತ್ರವನ್ನು ಗೌರವದಿಂದ ಓದಿ, ಮುಂದೊಂದು ದಿನ ಮಠಕ್ಕೇ ಬಂದು, “ಬುದ್ಧಿ, ತಮ್ಮ ಮಾತನ್ನು ನಾನು ನಂಬುತ್ತೇನೆ. ಆದರೆ ಅದನ್ನು ಬರೆದುಕೊಳ್ಳಲು ನಮ್ಮ ಕಂಪ್ಯೂಟರಿನಲ್ಲಿ ಜಾಗವಿಲ್ಲ” ಎಂದರು. ಅವರೇ ಎಲ್ಲವನ್ನೂ ಬಿಡಿಸಿ ಹೇಳಿದರು.

ಸಾಲಗಾರರ ವೃತ್ತಾಂತವನ್ನು ಬರೆದಿಡುವ ಸಂಸ್ಥೆಗಳು ನಮ್ಮ ದೇಶದಲ್ಲಿ ನಾಲ್ಕಿವೆ. ಜನ ಹೆಚ್ಚಾಗಿ ಬಲ್ಲದ್ದು 2000ದಲ್ಲಿ ಸ್ಥಾಪಿತವಾದ ಸಿಬಿಲ್. ಇವುಗಳಿಗೆಂದೇ 2005ರ ಕಾಯಿದೆಯೊಂದಿದೆ. ಅವು ಕೊಡುವ ಅಂಕ 300ರಿಂದ 900ರವರೆಗೆ. ಉಳಿತಾಯ ಖಾತೆಯಲ್ಲಿ ಎಷ್ಟೇ ಹಣವಿರಲಿ, ಎ.ಟಿ.ಎಂ. ಕಾರ್ಡನ್ನು ಎಷ್ಟೇ ವರ್ಷ ಬಳಸಿರಲಿ, ಈ ವಹಿಯಲ್ಲಿ ಅದು ಸೇರುವುದಿಲ್ಲ; ಪಡೆದ ಸಾಲ, ತೀರಿಸಿದ ಕಂತುಗಳು ಮಾತ್ರ ಸೇರುತ್ತವೆ. ನಮ್ಮ ಶಿಷ್ಯನ ಅಂಕ ಕಡಿಮೆಯಿರಲಿಲ್ಲ; ಅಂಕವೇ ಇರಲಿಲ್ಲ. ಕೆಟ್ಟ ಹೆಸರಿಗೂ ಹೆಸರೇ ಇಲ್ಲದಿರುವುದಕ್ಕೂ ಬಹಳ ಅಂತರವಿದೆ. ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರನ್ನು ತಿರಸ್ಕರಿಸಬಾರದೆಂಬ ರಿಸರ್ವ್ ಬ್ಯಾಂಕಿನ ಸಲಹೆಯನ್ನು ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿಗೆ ತಿಳಿಸಿತು. ಆದರೂ ಕೊಡುವ ಬಿಡುವ ತೀರ್ಮಾನ ಬ್ಯಾಂಕಿನದೇ.

ವ್ಯವಸ್ಥಾಪಕರು ತೋರಿಸಿದ ದಾರಿ, ಠೇವಣಿಯ ಆಧಾರದ ಕಾರ್ಡು. ಆತ ತನ್ನ ಹೆಸರಿನಲ್ಲಿ 25,000 ರೂಪಾಯಿಯ ನಿಶ್ಚಿತ ಠೇವಣಿ ಇಟ್ಟ. ಅದರ ಮೇಲೆ 20,000 ರೂಪಾಯಿ ಮಿತಿಯ ಕಾರ್ಡು ಸಿಕ್ಕಿತು. ಠೇವಣಿಗೆ ಬಡ್ಡಿ ಬರುತ್ತದೆ. ಕಾರ್ಡು ಇರುವವರೆಗೆ ಅದನ್ನು ಬಿಡಿಸಿಕೊಳ್ಳುವಂತಿಲ್ಲ, ಅಷ್ಟೆ.

ಇದನ್ನು ಕೇಳಿದಾಗ ನಮಗೆ ಧಾರವಾಡದ ದಿನಗಳು ನೆನಪಾದವು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಪುಸ್ತಕದ ಅಂಗಡಿಯ ಯಜಮಾನರೊಬ್ಬರು ನಮಗೆ ಉದ್ರಿ ಕೊಡುತ್ತಿದ್ದರು. ಮೊದಲ ಸಲ ಒಂದೇ ಪುಸ್ತಕ. ಅದರ ಹಣ ವಾಯಿದೆಗೆ ಸಂದ ಮೇಲೆ ಮೂರು. ಅನಂತರ ಲೆಕ್ಕವನ್ನೇ ಕೇಳಲಿಲ್ಲ. ಅದು ನಮ್ಮ ಯೋಗ್ಯತೆ ಎಂದು ಬಹುಕಾಲ ಭಾವಿಸಿದ್ದೆವು. ನಿಜವೆಂದರೆ, ಆ ಮೊದಲ ಪುಸ್ತಕವನ್ನು ಅವರು ಕೊಟ್ಟದ್ದು ನಮ್ಮ ಕಾವಿಯನ್ನು ನೋಡಿ. ಗುರುಗಳ ಹೆಸರೇ ನಮ್ಮ ಠೇವಣಿಯಾಗಿತ್ತು. ಅಂಥ ಹೆಸರಿನ ಆಸರೆಯಿಲ್ಲದವನು ಹಣವನ್ನೇ ಠೇವಣಿ ಇಡಬೇಕಾಗುತ್ತದೆ.

ಕಾರ್ಡು ಕೈಸೇರಿದ ದಿನ ಆತನನ್ನು ಕರೆಸಿ ನಾವು ಒಂದು ಪ್ರಶ್ನೆ ಕೇಳಿದೆವು: “ತಮ್ಮಾ, ರೈತರು ನಿನಗೆ ಹಣ ಕೊಡುವುದು ಸುಗ್ಗಿಗೆ, ಕಾರ್ಡಿನ ವಾಯಿದೆ ಐವತ್ತು ದಿನವನ್ನೂ ಮೀರುವುದಿಲ್ಲ. ನಡುವಿನ ಅಂತರವನ್ನು ಯಾರು ತುಂಬುತ್ತಾರೆ?” ಆತ ಅದನ್ನು ಯೋಚಿಸಿರಲಿಲ್ಲ. ವಾಯಿದೆ ಮೀರಿದರೆ ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿ, ವರ್ಷಕ್ಕೆ ನಲವತ್ತೆರಡು! ಬಿಲ್ಲಿನಲ್ಲಿ ಕಾಣುವ ಕನಿಷ್ಠ ಮೊತ್ತವನ್ನು ಮಾತ್ರ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಕಾರ್ಡಿನಿಂದ ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ.

ಆದಕಾರಣ ಬಿಡಿಭಾಗಗಳನ್ನು ಕಾರ್ಡಿನಿಂದ ಕೊಳ್ಳದಿರುವುದೆಂದು ಆತ ನಿಶ್ಚಯಿಸಿದ. ಅಂಗಡಿಯ ವಿದ್ಯುತ್ ಬಿಲ್ಲು, ಪೆಟ್ರೋಲು, ಹೀಗೆ ಕೈಯಲ್ಲಿ ಹಣವಿದ್ದೇ ಮಾಡುವ ಖರ್ಚಿಗೆ ಮಾತ್ರ ಬಳಸಿದ. ಐದಾರು ಸಾವಿರವನ್ನು ಮೀರಲಿಲ್ಲ. ಪ್ರತಿ ತಿಂಗಳೂ ಪೂರ್ತಿ ಕಟ್ಟಿದ. ಸಿಟ್ಟಿನಿಂದ ಬೇರೆ ಬೇರೆ ಬ್ಯಾಂಕುಗಳಿಗೆ ಅರ್ಜಿ ಹಾಕುವುದನ್ನೂ ನಿಲ್ಲಿಸಿದ, ಏಕೆಂದರೆ ಪ್ರತಿಯೊಂದು ಅರ್ಜಿಯ ವಿಚಾರಣೆಯೂ ಆ ವಹಿಯಲ್ಲಿ ದಾಖಲಾಗುತ್ತದೆ. ಆರೇಳು ತಿಂಗಳಲ್ಲಿ ಅಂಕ ಮೂಡಿತು. ವರ್ಷ ತುಂಬಿದಾಗ ಆತ ತನ್ನ ವರದಿಯನ್ನು ತಂದು ನಮ್ಮ ಮುಂದಿಟ್ಟ. ವರ್ಷಕ್ಕೊಮ್ಮೆ ಅದನ್ನು ಉಚಿತವಾಗಿ ಪಡೆಯುವ ಹಕ್ಕು 2017ರಿಂದ ಎಲ್ಲರಿಗೂ ಇದೆ. ಅಂಕ ಏಳುನೂರನ್ನು ದಾಟಿತ್ತು. ಲೇಥ್ ಯಂತ್ರ ಈಗ ಅಂಗಡಿಗೆ ಬಂದಿದೆ.

ಆ ಅಂಕಿ ನಮ್ಮ ಶಿಷ್ಯನನ್ನು ಬಲ್ಲದೆಂದು ನಾವು ಹೇಳಲಾರೆವು. ಬಡ ರೈತನ ಪಂಪನ್ನು ಆತ ಹಣ ಕೇಳದೆ ರಿಪೇರಿ ಮಾಡಿಕೊಟ್ಟದ್ದು ಅದರಲ್ಲಿಲ್ಲ. ಆದರೆ ಕೊಟ್ಟ ಮಾತಿನ ದಿನಕ್ಕೆ ಹಣ ಸಲ್ಲಿಸಿದನೆಂಬುದು ಅದರಲ್ಲಿದೆ; ಅದೂ ಸಣ್ಣ ಗುಣವಲ್ಲ. ನಾವು ಹುಡುಗರಿಗೆ ಸಾಲದ ಭಯವನ್ನಷ್ಟೇ ಕಲಿಸಿದ್ದೆವು; ವಾಯಿದೆಯ ನಿಷ್ಠೆಯನ್ನು ಕಲಿಸಿರಲಿಲ್ಲ. ಈಗ ನಿಲಯದ ಮಕ್ಕಳಿಗೆ ಎರಡನ್ನೂ ಹೇಳುತ್ತಿದ್ದೇವೆ: ಅವಶ್ಯವಿಲ್ಲದ ಸಾಲ ಬೇಡ, ಮಾಡಿದ ಸಾಲದ ವಾಯಿದೆ ಒಂದು ದಿನವೂ ಮೀರಬೇಡ.